ಪಕ್ಕದವರ ಉಪವಾಸ, ದೂರದವರ ಸೂತಕ

ರಂಜಾನ್ ಮುಗಿದ ಮೇಲೆ ಉಪವಾಸದ ಕುರಿತು ಒಂದೆರಡು ಪತ್ರಗಳು ಈ ಅಂಕಣಕ್ಕೆ ಬರುವುದು ವಾಡಿಕೆ. ಈ ಸಲ ಅವುಗಳ ಜೊತೆಗೆ, ರಾಜರಾಣಿಯರು ತೀರಿಕೊಂಡಾಗ ನಡೆಯುವ ಶೋಕಾಚರಣೆಯ ಬಗ್ಗೆಯೂ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಪತ್ರಗಳು ಬಂದಿವೆ. ವಿಷಯ ಬೇರೆಬೇರೆಯಾದರೂ ಬರೆದವರ ಅಳುಕು ಒಂದೇ: ನಮ್ಮದಲ್ಲದ ಆಚರಣೆ ಎದುರಾದಾಗ ನಮ್ಮ ಬಾಯಿಂದ ಹೊರಟ ಮೊದಲ ಮಾತು ಸರಿಯಿತ್ತೇ ಎಂಬುದು. ಆದ್ದರಿಂದ ಎಲ್ಲಕ್ಕೂ ಒಟ್ಟಿಗೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಕಚೇರಿಯೊಂದರಲ್ಲಿ ಗುಮಾಸ್ತ. ನಮ್ಮ ವಿಭಾಗದಲ್ಲಿ ಒಬ್ಬ ಮುಸ್ಲಿಂ ಮೇಡಂ ಇದ್ದಾರೆ. ರಂಜಾನಿನಲ್ಲಿ ಅವರೆದುರು ಊಟದ ಡಬ್ಬಿ ಬಿಚ್ಚಲು ನಮಗೆ ಮುಜುಗರ. "ಒಂದು ಗುಟುಕು ನೀರೂ ಕುಡಿಯಬಾರದಾ? ಪಾಪ" ಎಂದು ಕನಿಕರದಿಂದಲೇ ಹೇಳುತ್ತೇವೆ. ಈ ಸಲ ಒಂದು ಮಧ್ಯಾಹ್ನ ಅವರು ರೆಕಾರ್ಡ್ ರೂಮಿನಲ್ಲಿ ಬಿಸ್ಕತ್ತು ತಿನ್ನುತ್ತಿದ್ದುದನ್ನು ಕಂಡು, "ಏನ್ ಮೇಡಂ, ಇವತ್ತು ರೋಜಾ ಇಲ್ವಾ?" ಎಂದು ಕೇಳಿಬಿಟ್ಟೆ. ಅವರ ಮುಖ ಚಿಕ್ಕದಾಯಿತು. ಅಂದಿನಿಂದ ಮಾತೂ ಕಡಿಮೆ. ನನ್ನ ತಪ್ಪೇನು? — ಹೆಸರು ಬೇಡ, ಹಾಸನ

ಉತ್ತರ: ಸುಲಭವಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ರೋಜಾದಲ್ಲಿ ನೀರೂ ಇಲ್ಲ. ಬೆಳಗಿನ ಜಾವ, ಸೂರ್ಯ ಹುಟ್ಟುವುದಕ್ಕೆ ಒಂದು ಗಂಟೆಗೂ ಮುಂಚೆಯೇ ಸಹರಿಯ ಊಟ ಮುಗಿದಿರಬೇಕು. ಅಲ್ಲಿಂದ ಹೊತ್ತು ಮುಳುಗಿ ಮಗ್ರಿಬ್ ಅಜಾನ್ ಕೇಳುವವರೆಗೆ ಅನ್ನ, ನೀರು, ಬೀಡಿ, ಸಿಗರೇಟು ಯಾವುದೂ ಸಲ್ಲದು. ಈಗಿನ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಇದು ಹೆಚ್ಚುಕಡಿಮೆ 13 ಗಂಟೆಯ ಉಪವಾಸ. ಎಂಜಲು ನುಂಗಿದರೆ ಅದು ಮುರಿಯುವುದಿಲ್ಲ. ಮರೆತು ಏನಾದರೂ ಬಾಯಿಗೆ ಹಾಕಿಕೊಂಡರೂ ನೆನಪಾದ ಕೂಡಲೇ ನಿಲ್ಲಿಸಿದರೆ ಸಾಕು ಎನ್ನುತ್ತಾರೆ. ನಿಮ್ಮ ಚಿತ್ರಾನ್ನದ ಡಬ್ಬಿಯಿಂದ ಅವರಿಗೆ ತೊಂದರೆಯಿಲ್ಲ. ಮನೆಯಲ್ಲಿ ಮಕ್ಕಳಿಗೆ, ವಯಸ್ಸಾದವರಿಗೆ ಬಡಿಸಿಯೇ ಅವರು ಕಚೇರಿಗೆ ಬಂದಿರುತ್ತಾರೆ. ನೀವೆಲ್ಲ ಡಬ್ಬಿ ಹಿಡಿದುಕೊಂಡು ವರಾಂಡಕ್ಕೆ ಎದ್ದು ಹೋದರೆ ಮಾತ್ರ ತಮ್ಮಿಂದಾಗಿ ಇಡೀ ಕೋಣೆ ಖಾಲಿಯಾಯಿತಲ್ಲ ಎಂದು ಅವರಿಗೆ ಇರಿಸುಮುರಿಸಾಗುತ್ತದೆ.

"ಪಾಪ" ಎಂಬ ಮಾತಿನ ಬಗ್ಗೆ ಯೋಚಿಸಿ. ಅದು ಒಳ್ಳೆಯ ಮನಸ್ಸಿನಿಂದ ಬಂದದ್ದೆಂದು ನಾನು ಒಪ್ಪುತ್ತೇನೆ. ಆದರೆ ಇಡೀ ತಿಂಗಳು, ವಿಭಾಗದ ಏಳೆಂಟು ಜನ ಸರದಿಯಲ್ಲಿ ಹೀಗೆ ಮರುಗಿದರೆ ಕೇಳಿಸಿಕೊಳ್ಳುವವರು ಎಷ್ಟು ಸಲ ನಗಬೇಕು? ನಮ್ಮ ಅಜ್ಜಿಯಂದಿರು ನಿರ್ಜಲ ಏಕಾದಶಿಯಂದು ಗುಟುಕು ನೀರಿಲ್ಲದೆ ದಿನ ಕಳೆದಾಗ ನಾವು ಅದನ್ನು ನಿಷ್ಠೆ ಎಂದು ಕರೆದೆವು, ಪಾಪ ಎನ್ನಲಿಲ್ಲ. ತಾನಾಗಿ, ಇಷ್ಟಪಟ್ಟು ಹಿಡಿದ ವ್ರತಕ್ಕೆ ಕನಿಕರ ತೋರಿಸಿದರೆ, ಯಾರೋ ಹೊರಿಸಿದ ಶಿಕ್ಷೆಯನ್ನು ಇವರು ಅನುಭವಿಸುತ್ತಿದ್ದಾರೆ ಎಂದಂತಾಗುತ್ತದೆ.

ಇನ್ನು ಬಿಸ್ಕತ್ತಿನ ವಿಷಯ; ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅದೇ. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ರೋಜಾ ಹಿಡಿಯುವಂತಿಲ್ಲ. ಬಿಟ್ಟುಹೋದ ಅಷ್ಟೂ ದಿನಗಳನ್ನು ಹಬ್ಬ ಕಳೆದ ಮೇಲೆ ಒಂದೊಂದಾಗಿ ತೀರಿಸುತ್ತಾರೆ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ಕುರಾನಿನ ಎರಡನೆಯ ಅಧ್ಯಾಯದಲ್ಲೇ ವಿನಾಯಿತಿ ಇದೆ. ಬಸುರಿಯರೂ ಎಳೆಮಗುವಿನ ತಾಯಂದಿರೂ ಬಿಡಬಹುದು. ಅಂದರೆ "ಇವತ್ತು ರೋಜಾ ಇಲ್ವಾ?" ಎಂದು ನೀವು ಕೇಳಿದಾಗ, ಮುಟ್ಟೋ, ಬಸಿರೋ, ಕಾಯಿಲೆಯೋ ಎಂಬುದನ್ನು ಪರಗಂಡಸಿನ ಮುಂದೆ ಹೇಳಿ ಎಂದು ಕೇಳಿದಂತಾಯಿತು. ಅವರು ರೆಕಾರ್ಡ್ ರೂಮಿಗೆ ಹೋಗಿ ತಿಂದದ್ದು ಕದ್ದು ತಿನ್ನುವುದಕ್ಕಲ್ಲ, ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದಕ್ಕೆ. ಕ್ಷಮೆ ಕೇಳುವಾಗ ಕಾರಣವನ್ನು ಮತ್ತೆ ಕೆದಕಬೇಡಿ. "ಅವತ್ತು ಹಾಗೆ ಕೇಳಬಾರದಿತ್ತು ಮೇಡಂ, ತಪ್ಪಾಯಿತು" ಎಂದಷ್ಟು ಹೇಳಿ ನಿಮ್ಮ ಕೆಲಸಕ್ಕೆ ಮರಳಿ.

ನಾನು ಮೇಷ್ಟರಾಗಿದ್ದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಗಣಿತ ಕಲಿಸುತ್ತಿದ್ದ ಒಬ್ಬರು ತಪ್ಪದೆ ರೋಜಾ ಹಿಡಿಯುತ್ತಿದ್ದರು. ಸಂಜೆಯ ಕೊನೆಯ ಪೀರಿಯಡ್ಡಿನ ಹೊತ್ತಿಗೆ ಅವರ ತುಟಿ ಒಣಗಿ ಬಿಳಿಚಿಕೊಂಡು, ಧ್ವನಿ ಒಡೆದು, ಬೋರ್ಡಿನ ಮೇಲಿನ ಅಕ್ಷರ ಸಣ್ಣದಾಗುತ್ತಿತ್ತು. ಒಂದು ವರ್ಷ ಮುಖ್ಯೋಪಾಧ್ಯಾಯರು ಏನೂ ಹೇಳದೆ ವೇಳಾಪಟ್ಟಿಯಲ್ಲಿ ಅವರ ಕೊನೆಯ ಪೀರಿಯಡ್ಡನ್ನು ನನಗೆ, ನನ್ನ ಮೊದಲ ಪೀರಿಯಡ್ಡನ್ನು ಅವರಿಗೆ ಬರೆದರು. ಆ ತಿಂಗಳು ಅವರ ಉಪವಾಸದ ಬಗ್ಗೆ ನಾವ್ಯಾರೂ ಮಾತೆತ್ತಲಿಲ್ಲ.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ನಾಲ್ವರು ಆಳುಗಳು ರೋಜಾ ಹಿಡಿಯುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಾಕುವ ಕಾಲಕ್ಕೇ ಈಚೆಗೆ ರಂಜಾನ್ ಬರುತ್ತಿದೆ. ಮಧ್ಯಾಹ್ನದ ಮೇಲೆ ಪೈಪು ಹೊರಲು ಅವರಿಗೆ ಆಗುವುದಿಲ್ಲ. ಬೇಗ ಬಿಟ್ಟರೆ ಉಳಿದವರು ಗೊಣಗುತ್ತಾರೆ. — ಬೆಳೆಗಾರ, ಮೂಡಿಗೆರೆ

ಉತ್ತರ: ಸಹರಿಗೆ ಎದ್ದವರು ಬೆಳಗಿನ ನಮಾಜು ಮುಗಿಸಿ ಎಚ್ಚರವಾಗಿಯೇ ಇರುತ್ತಾರೆ. ಬೆಳಕು ಹರಿಯುತ್ತಲೇ ಅವರಿಗೆ ಕೆಲಸ ಹಚ್ಚಿ, ಕಾಫಿ ಮತ್ತು ಊಟದ ಬಿಡುವಿನ ಹೊತ್ತನ್ನೂ ಲೆಕ್ಕಕ್ಕೆ ಹಿಡಿದರೆ, ಬಿಸಿಲು ಏರುವಷ್ಟರಲ್ಲಿ ಅವರ ದಿನದ ಕೆಲಸದ ಬಹುಪಾಲು ಮುಗಿದಿರುತ್ತದೆ. ಪೈಪು ಹೊರುವುದು ಬೆಳಿಗ್ಗೆ, ನರ್ಸರಿಯಲ್ಲಿ ಬುಟ್ಟಿಗೆ ಮಣ್ಣು ತುಂಬುವಂಥದ್ದು ಆಮೇಲೆ. ಗಂಟೆಯ ಲೆಕ್ಕ ಎಲ್ಲರಿಗೂ ಒಂದೇ ಎಂದು ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಕಾಣಿಸಿದರೆ ಗೊಣಗಾಟ ತಾನಾಗಿ ಇಳಿಯುತ್ತದೆ. ಯಾರಿಗಾದರೂ ತಲೆ ಸುತ್ತಿದರೆ ನೆರಳಲ್ಲಿ ಕೂರಿಸಿ, ನೀರು ಕೈಗೆಟುಕುವ ಹಾಗೆ ಇಡಿ. ಪ್ರಾಣಕ್ಕೆ ಅಪಾಯವಿದ್ದರೆ ಉಪವಾಸ ಬಿಡಲು ಅವರ ಧರ್ಮವೇ ಅನುಮತಿ ಕೊಟ್ಟಿದೆ. ಆ ತೀರ್ಮಾನ ಅವರದಾಗಿರಲಿ, ಧಣಿಗಳ ಅಪ್ಪಣೆಯಾಗುವುದು ಬೇಡ.

ಇನ್ನೊಂದು ವಿಷಯವನ್ನು ಈಗಲೇ ಗುರುತು ಹಾಕಿಕೊಳ್ಳಿ. ಹಿಜರಿ ವರ್ಷ ಚಾಂದ್ರಮಾನದ್ದು, ನಮ್ಮ ಪಂಚಾಂಗದಂತೆ ಅದರಲ್ಲಿ ಅಧಿಕಮಾಸವಿಲ್ಲ. ಆದ್ದರಿಂದ ರಂಜಾನ್ ಪ್ರತಿವರ್ಷ 10-11 ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಮಾರ್ಚ್ 2ಕ್ಕೆ ಆರಂಭವಾದ ಉಪವಾಸ, 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರಿನ ಕೊನೆಯಲ್ಲಿ ಮತ್ತೊಮ್ಮೆ ಬರುತ್ತದೆ. ಅಂದರೆ ಇನ್ನು ಕೆಲವೇ ವರ್ಷಗಳಲ್ಲಿ ಅದು ನಿಮ್ಮ ಹಣ್ಣು ಕೊಯ್ಲಿನ ಕಾಲಕ್ಕೆ ಕೂಡಿಕೊಳ್ಳುತ್ತದೆ.

ಪ್ರಶ್ನೆ: 2022ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ರಾಣಿ ತೀರಿಕೊಂಡಾಗ ನಮ್ಮ ಸರ್ಕಾರವೂ ಒಂದು ದಿನ ಶೋಕ ಆಚರಿಸಿತು. ನಮ್ಮ ತಂದೆ ಕೆಂಡವಾದರು. ಸೋದರತ್ತೆ ಟಿವಿಯ ಮುಂದೆ ಕುಳಿತು ಕಣ್ಣೊರೆಸಿಕೊಂಡರು. ಅಂದು ಅಣ್ಣತಂಗಿಯರ ನಡುವೆ ನಡೆದ ಮಾತು ಇಂದಿಗೂ ಮರೆತಿಲ್ಲ, ಹಬ್ಬಹರಿದಿನದಲ್ಲಿ ಮತ್ತೆ ಏಳುತ್ತದೆ. ಇಬ್ಬರಲ್ಲಿ ಯಾರು ಸರಿ? — ಓದುಗಳು, ಚಿಕ್ಕಮಗಳೂರು

ಉತ್ತರ: ಇಬ್ಬರೂ ಬೇರೆಬೇರೆ ವಿಷಯಕ್ಕೆ ಮರುಗಿದ್ದಾರೆ, ಆದ್ದರಿಂದ ಇಬ್ಬರೂ ಸರಿ ಎಂದು ನಾನು ಮನಸಾರೆ ಹೇಳುತ್ತೇನೆ. ಎರಡನೇ ಎಲಿಜಬೆತ್ ತೀರಿಕೊಂಡದ್ದು ಸೆಪ್ಟೆಂಬರ್ 8ರಂದು. ಸೆಪ್ಟೆಂಬರ್ 11ರ ಭಾನುವಾರ ನಮ್ಮಲ್ಲಿ ಧ್ವಜ ಅರ್ಧಕ್ಕೆ ಇಳಿಯಿತು, ಸರ್ಕಾರಿ ಮನರಂಜನಾ ಕಾರ್ಯಕ್ರಮಗಳು ನಿಂತವು. ಇದು ಆಡಳಿತಗಾರರು ತೀರಿಕೊಂಡಾಗ ರಾಷ್ಟ್ರಗಳು ಒಂದಕ್ಕೊಂದು ತೋರುವ ಮರ್ಯಾದೆ. ಅದೇ ವರ್ಷ ಮೇ 14ರಂದು, ಸಂಯುಕ್ತ ಅರಬ್ ಸಂಸ್ಥಾನದ ಅಧ್ಯಕ್ಷ ಶೇಖ್ ಖಲೀಫಾ ಅವರಿಗಾಗಿಯೂ ಧ್ವಜ ಹಾಗೆಯೇ ಇಳಿದಿತ್ತು. ಅಂದು ನಿಮ್ಮ ತಂದೆಯವರಿಗೆ ಸಿಟ್ಟು ಬಂದಿರಲಾರದು. ಸರ್ಕಾರ ಧ್ವಜ ಇಳಿಸಿತೆಂದರೆ ಮನೆಮನೆಯವರೂ ಅಳಬೇಕೆಂದು ಅರ್ಥವಲ್ಲ.

ಹಾಗೆಂದು ಅವರ ಸಿಟ್ಟನ್ನು ಹಳೆಯ ಕಾಲದ ಹಠ ಎಂದು ತಳ್ಳಿಹಾಕಬೇಡಿ. 1997ರಲ್ಲಿ ರಾಣಿ ಅಮೃತಸರಕ್ಕೆ ಬಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಹೂಗುಚ್ಛವಿಟ್ಟು ತಲೆಬಾಗಿದರು, ಆದರೆ ಕ್ಷಮೆ ಕೇಳಲಿಲ್ಲ. ಅದು ಮನಸ್ಸಿನಲ್ಲಿ ಉಳಿದವರಿಗೆ ಆ ಕಿರೀಟದ ಮುಂದೆ ಮೌನವಾಗಿ ನಿಲ್ಲುವುದು ಕಷ್ಟ. ನಿಮ್ಮ ಅತ್ತೆಯವರ ಕಣ್ಣೀರಿಗೂ ಕಾರಣವಿದೆ ಎಂದು ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ: 1961ರಲ್ಲಿ ರಾಣಿ ಬೆಂಗಳೂರಿಗೆ ಬಂದಾಗ, ಚಿಕ್ಕ ಹುಡುಗಿಯಾಗಿದ್ದ ಅವರು ಅಪ್ಪನ ಹೆಗಲ ಮೇಲೆ ಕುಳಿತು ಹಾದುಹೋದ ಕಾರನ್ನು ನೋಡಿದ್ದರು. ಆ ಭೇಟಿಯಲ್ಲಿ ರಾಣಿ ಲಾಲ್‌ಬಾಗಿನಲ್ಲಿ ಒಂದು ಗಿಡವನ್ನೂ ನೆಟ್ಟರು. ಟಿವಿಯ ಮುಂದೆ ಕುಳಿತ ಅತ್ತೆಯವರು ನೆನೆದದ್ದು ಆ ಹೆಗಲನ್ನು ಎಂದು ನನಗೆ ಅನ್ನಿಸುತ್ತದೆ. ಇದನ್ನು ನೀವು ತಂದೆಯವರಿಗೆ ಹೇಳಬಹುದು. ಅದು ಅವರಿಗೂ ಅಪ್ಪನ ಹೆಗಲೇ ತಾನೆ.

ಇಂಥ ಸಮಯದಲ್ಲಿ ನಾನು ಒಪ್ಪದಿರುವುದು ಒಂದನ್ನೇ: ಒಬ್ಬರ ದುಃಖ ಸಾಲದು, ಇನ್ನೊಬ್ಬರದು ಅತಿಯಾಯಿತು ಎಂದು ಅಳೆಯುವುದು. ಥಾಯ್ಲೆಂಡಿನಲ್ಲಿ ದೊರೆ ಭೂಮಿಬೋಲ್ 2016ರ ಅಕ್ಟೋಬರ್ 13ರಂದು ತೀರಿಕೊಂಡ ಮೇಲೆ, 2017ರ ಅಕ್ಟೋಬರ್ 26ರಂದು ದಹನವಾಗುವವರೆಗೆ, ಒಂದು ವರ್ಷಕ್ಕೂ ಮೀರಿ ದೇಶ ಶೋಕದಲ್ಲಿತ್ತು. ಮೊದಲ ವಾರಗಳಲ್ಲಿ ಅಂಗಡಿಗಳಲ್ಲಿ ಕಪ್ಪು ಬಟ್ಟೆಯೇ ಸಿಗದಾಗಿ ಜನ ಇದ್ದ ಬಟ್ಟೆಗೆ ಬಣ್ಣ ಹಾಕಿಸಿಕೊಂಡರು. ಕಪ್ಪು ಉಡದವರನ್ನು ಕೆಲವರು ಬೀದಿಯಲ್ಲಿ ಬೈದದ್ದೂ ಉಂಟು. ಎಲ್ಲರಿಗೂ ಕಪ್ಪು ಬಟ್ಟೆ ಕೊಳ್ಳುವ ಶಕ್ತಿ ಇರುವುದಿಲ್ಲ, ನಿಂದಿಸಬೇಡಿ ಎಂದು ಕೊನೆಗೆ ಅಲ್ಲಿನ ಸರ್ಕಾರವೇ ಹೇಳಬೇಕಾಯಿತು.

ಪ್ರಶ್ನೆ: ಸೌದಿ ದೊರೆ ತೀರಿಕೊಂಡಾಗ ನಮ್ಮ ದೇಶದಲ್ಲಿ ಧ್ವಜ ಇಳಿಸಿದರು, ಅವರ ದೇಶದಲ್ಲೇ ಇಳಿಸಲಿಲ್ಲ ಎಂದು ಓದಿದ್ದೆ. ರಾಜನ ಮೇಲೆ ಅವರಿಗೇ ಗೌರವವಿಲ್ಲವೇ? — ವಿದ್ಯಾರ್ಥಿ, ಅರಸೀಕೆರೆ

ಉತ್ತರ: ನೀವು ಓದಿದ್ದು ನಿಜ. ದೊರೆ ಅಬ್ದುಲ್ಲಾ 2015ರ ಜನವರಿ 23ರಂದು ತೀರಿಕೊಂಡರು. ಮರುದಿನ ಭಾರತ ಶೋಕ ಆಚರಿಸಿತು. ಸೌದಿಯ ಹಸಿರು ಧ್ವಜದ ಮೇಲೆ ಕಲಿಮಾ, ಅಂದರೆ ದೇವರೊಬ್ಬನೇ ಎಂಬ ಸಾಕ್ಷ್ಯವಚನ, ಬರೆದಿದೆ. ಯಾವ ಮನುಷ್ಯನ ಸಾವಿಗೂ ಅದನ್ನು ತಗ್ಗಿಸಬಾರದೆಂದು ಅವರು ಆ ಧ್ವಜವನ್ನು ಎಂದಿಗೂ ಅರ್ಧಕ್ಕೆ ಇಳಿಸುವುದಿಲ್ಲ. ದೊರೆಯ ದೇಹವನ್ನು ಸಾದಾ ಬಟ್ಟೆಯಲ್ಲಿ ಸುತ್ತಿ, ಅದೇ ದಿನ ರಿಯಾದಿನ ಸಾರ್ವಜನಿಕ ಸ್ಮಶಾನದಲ್ಲಿ, ಹೆಸರು ಬರೆಯದ ಗೋರಿಯಲ್ಲಿ ಮಣ್ಣು ಮಾಡಿದರು. ಗೌರವವಿಲ್ಲದೆ ಹಾಗೆ ಮಾಡಿದ್ದಲ್ಲ. ಮಣ್ಣಿನಲ್ಲಿ ದೊರೆಯೂ ಆಳೂ ಒಂದೇ ಎಂಬುದು ಅಲ್ಲಿನವರ ನಂಬಿಕೆ. ಸತ್ತವರಿಗಾಗಿ ಮೂರು ದಿನ ಶೋಕ, ಗಂಡನನ್ನು ಕಳೆದುಕೊಂಡವಳಿಗೆ ಮಾತ್ರ ನಾಲ್ಕು ತಿಂಗಳು ಹತ್ತು ದಿನ ಎಂಬುದು ಇಸ್ಲಾಮಿನ ನಿಯಮ. ಹಾಗೆಂದು ಮುಸ್ಲಿಂ ದೇಶಗಳೆಲ್ಲ ಒಂದೇ ರೀತಿ ಎಂದುಕೊಳ್ಳಬೇಡಿ. ನಾನು ಮೇಲೆ ಹೇಳಿದ ಶೇಖ್ ಖಲೀಫಾ ಅವರಿಗಾಗಿ ಅವರ ದೇಶ ಧ್ವಜ ಇಳಿಸಿ 40 ದಿನ ಶೋಕ ಆಚರಿಸಿತು. ಇನ್ನು 680ರಲ್ಲಿ ಕರ್ಬಲಾದಲ್ಲಿ ಮಡಿದ ಇಮಾಮ್ ಹುಸೇನರ ನೆನಪಿನಲ್ಲಿ ನಮ್ಮ ಹಳ್ಳಿಗಳಲ್ಲೇ ಬಾಬಯ್ಯನ ಹಬ್ಬವೆಂದು ಹಿಂದೂಗಳೂ ಸೇರಿ ಪಂಜಾ ಹೊರುತ್ತಾರಲ್ಲ.

ಪ್ರಶ್ನೆ: 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡಾಗ ನಮ್ಮ ಮುತ್ತಾತ ಹೆತ್ತ ತಂದೆಗೆ ಮಾಡಿದಂತೆ ತಲೆ ಬೋಳಿಸಿಕೊಂಡು ಸೂತಕ ಹಿಡಿದರಂತೆ. ಮಕ್ಕಳು ಇದನ್ನು ಕೇಳಿ ನಗುತ್ತಾರೆ. — ನಿವೃತ್ತ ಶಿಕ್ಷಕಿ, ಬೇಲೂರು

ಉತ್ತರ: ಮಕ್ಕಳನ್ನು ಒಂದು ಭಾನುವಾರ ಹಳೇಬೀಡಿಗೆ ಕರೆದೊಯ್ಯಿರಿ. ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಗರುಡಗಂಬವನ್ನು ಪ್ರವಾಸಿಗರು ಸಾಮಾನ್ಯವಾಗಿ ನೋಡದೆ ದಾಟುತ್ತಾರೆ. ಹತ್ತಿರ ಹೋಗಿ ಕಣ್ಣಿಟ್ಟರೆ, ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರು ಕಾಣುತ್ತಾರೆ. ದೊರೆಯ ಜೊತೆಗೇ ಸಾಯುತ್ತೇವೆಂದು ಮಾತು ಕೊಟ್ಟವರನ್ನು ಗರುಡರು, ಲೆಂಕರು, ವೇಳೆವಾಳಿಗಳು ಎನ್ನುತ್ತಿದ್ದರು. ಇಮ್ಮಡಿ ವೀರಬಲ್ಲಾಳನ ಸಾವಿನ ಜೊತೆಗೆ ಅವನ ದಂಡನಾಯಕ ಕುವರ ಲಕ್ಷ್ಮನೂ ಹೆಂಡತಿ ಸುಗ್ಗಲದೇವಿಯೂ ಪ್ರಾಣ ಬಿಟ್ಟದ್ದನ್ನು ಅಲ್ಲಿನ ಶಾಸನ ಹೇಳುತ್ತದೆ. ಆ ಪದ್ಧತಿ ಹೋದದ್ದು ಒಳ್ಳೆಯದೇ, ಅದನ್ನು ನಾನು ಹೊಗಳಲಾರೆ. ಆದರೆ ಆ ಕಂಬದ ಮುಂದೆ ನಿಂತ ಮಕ್ಕಳಿಗೆ ಮುತ್ತಾತನ ಬೋಳುತಲೆ ನಗೆಯ ವಿಷಯವಾಗಿ ಕಾಣಲಾರದು. ಕನ್ನಂಬಾಡಿ ಕಟ್ಟಿಸಿದ ದೊರೆಯನ್ನು ಅವರು ತಂದೆ ಎಂದುಕೊಂಡಿದ್ದರು, ತಂದೆಗೆ ಮಾಡುವುದನ್ನೇ ಮಾಡಿದರು.

ಪ್ರಶ್ನೆ: ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಪಕ್ಕದ ಮನೆಯ ಮುಸ್ಲಿಂ ಕುಟುಂಬದವರು ಈ ಸಲವೂ ಇಫ್ತಾರಿಗೆ ಕರೆದಿದ್ದರು. ಹೋಗದೆ ನೆಪ ಹೇಳಿದೆವು. ಮುಂದಿನ ವರ್ಷ ಏನು ಮಾಡಲಿ? — ಗೃಹಿಣಿ, ಶ್ರವಣಬೆಳಗೊಳ

ಉತ್ತರ: ನೆಪ ಹೇಳುವ ಬದಲು ಇದ್ದದ್ದನ್ನೇ ಹೇಳಿ. ನಿಮಗೆ ಊಟ ಮುಗಿಯುವ ಗಳಿಗೆಯೇ ಅವರಿಗೆ ಊಟ ಆರಂಭವಾಗುವ ಗಳಿಗೆ; ಈ ನಿಯಮದ ಬಿಗಿ ಅವರಿಗೆ ಅರ್ಥವಾದಷ್ಟು ಬೇರೆಯವರಿಗೆ ಆಗಲಾರದು. ಅರ್ಧ ಗಂಟೆ ಮೊದಲೇ ಹೋಗಿ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಬೇಡವೆಂದು ಮುಂಚಿತವಾಗಿ ತಿಳಿಸಿದರೆ ಅವರು ಹಣ್ಣು, ಖರ್ಜೂರ ಇಟ್ಟಿರುತ್ತಾರೆ. ಉಪವಾಸದಲ್ಲಿರುವವರ ಮುಂದೆ ಹೇಗೆ ತಿನ್ನುವುದೆಂದು ಸಂಕೋಚಪಡಬೇಡಿ, ಬಡಿಸುವುದು ಅವರಿಗೆ ಸಂತೋಷವೇ. ನೀವು ಕೈ ತೊಳೆದು ಕುಳಿತ ಮೇಲೆ ಅಜಾನ್ ಆಗುತ್ತದೆ, ಅವರು ಖರ್ಜೂರ ಬಾಯಿಗಿಡುತ್ತಾರೆ. ರಂಜಾನಿಗೆ ಮುಂಚೆ ಮಸೀದಿಗಳಲ್ಲಿ, ಅಂಗಡಿಗಳಲ್ಲಿ ಸಹರಿ ಮತ್ತು ಇಫ್ತಾರ್ ಸಮಯದ ಕಾರ್ಡು ಹಂಚುತ್ತಾರೆ. ಅದರಿಂದ ಒಂದನ್ನು ಕೇಳಿ ಇಸಿದುಕೊಳ್ಳಿ. ಇಫ್ತಾರ್ ಎಂದು ಬರೆದ ಸಾಲಿನಲ್ಲಿರುವ ಸಮಯಕ್ಕೆ ಹತ್ತು ನಿಮಿಷ ಮುಂಚೆ ನಿಮ್ಮ ಊಟ ಮುಗಿಸಿದರೆ ಆಯಿತು.