ಸಾಲದ ಲೆಕ್ಕಕ್ಕೆ ಸಿಕ್ಕ ಕೆಲಸ

ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಿಂದ ಬಿ.ಕಾಂ. ವಿದ್ಯಾರ್ಥಿಯೊಬ್ಬರು ಬರೆದ ಪತ್ರ ಈ ವಾರ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಉಳಿದ ಪತ್ರಗಳನ್ನು ಬದಿಗಿಟ್ಟು ಇದೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ, ಕಾಯುತ್ತಿರುವವರು ಮನ್ನಿಸಬೇಕು.

ಪತ್ರದ ಸಾರ ಇಷ್ಟು. ಐದನೆಯ ಸೆಮಿಸ್ಟರ್ ಮುಗಿದಿದೆ, ಆರನೆಯದು ಮಾತ್ರ ಉಳಿದಿದೆ. ಮನೆಗೆ ನಾಲ್ಕು ಎಕರೆ ಹೊಲವಿದ್ದು, ಅದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವುದರಿಂದ ನೀರು ಬಂದ ವರ್ಷ ಭತ್ತ, ಬಾರದ ವರ್ಷ ಬರೀ ಚಿಂತೆ. ಇಂಥ ಹೊತ್ತಿನಲ್ಲಿ ಸಿಂಧನೂರಿನ ದಲಾಲಿ ಅಂಗಡಿಯ ಸಾಹುಕಾರರೊಬ್ಬರು, ಲೆಕ್ಕ ಬರೆಯಲು ಮತ್ತು ಟ್ಯಾಲಿ ನೋಡಿಕೊಳ್ಳಲು ಹುಡುಗ ಬೇಕೆಂದು ಇವರನ್ನೇ ಕರೆದಿದ್ದಾರೆ. ಸಂಬಳ ತಿಂಗಳಿಗೆ ₹15,000. ಬರುವುದಾದರೆ ಈ ತಿಂಗಳೇ ಬರಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ. ಕೆಲಸ ಕೊಡಿಸಿದವರು ಸೋದರಮಾವ. ‘ಡಿಗ್ರಿ ಮುಗಿಸಿದವರೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದಾರೆ’ ಎಂಬುದು ಅವರ ವಾದ. ತಂದೆಯವರು ‘ನಿನಗೆ ತಿಳಿದ ಹಾಗೆ ಮಾಡು’ ಎಂದಿದ್ದಾರೆ. ಪರೀಕ್ಷೆ ಬರೆದೇ ಹೋಗಲಿ ಎಂದ ತಾಯಿಯ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಂತಿಲ್ಲ. ಓದು ಮುಗಿಸಲೇ, ಕೆಲಸಕ್ಕೆ ಸೇರಲೇ, ಉಳಿದ ಸೆಮಿಸ್ಟರನ್ನು ಮುಂದೆ ಎಂದಾದರೂ ಹೊರಗಿನಿಂದ ಕಟ್ಟಬಹುದೇ ಎಂಬುದು ಇವರ ಪ್ರಶ್ನೆ.

ಇಷ್ಟೇ ಆಗಿದ್ದರೆ ನನ್ನ ಉತ್ತರ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ಆದರೆ ಪತ್ರದ ಮೂರನೆಯ ಪುಟದಲ್ಲಿ, ವಂದನೆಗಳನ್ನೂ ಹೇಳಿ ಮುಗಿಸಿದ ಮೇಲೆ, ಅಂಚಿನಲ್ಲಿ ಹೀಗೊಂದು ಮಾತಿದೆ: ‘ತಂದೆಯವರು ಅದೇ ಅಂಗಡಿಯಲ್ಲಿ ಗೊಬ್ಬರ, ಎಣ್ಣೆ ಉದ್ರಿ ತಂದ ಬಾಕಿ ₹1,40,000 ಇದೆ. ನೂರಕ್ಕೆ ಎರಡು ರೂಪಾಯಿ ಬಡ್ಡಿ. ಸಂಬಳದಲ್ಲಿ ತಿಂಗಳಿಗೆ ₹6,000 ಮುರಿದುಕೊಳ್ಳುತ್ತಾರೆ, ತೀರುವ ತನಕ ಕೆಲಸ ಬಿಡುವಂತಿಲ್ಲ. ಅದೇನು ದೊಡ್ಡ ವಿಷಯವಲ್ಲ.’

ತಮ್ಮಾ, ನಿಮ್ಮ ಪತ್ರದಲ್ಲಿರುವ ದೊಡ್ಡ ವಿಷಯ ಅದೊಂದೇ. ಪದವಿ ಮೇಲೋ ಕೆಲಸ ಮೇಲೋ ಎಂದು ಮೂರು ಪುಟ ತೂಗಿ ನೋಡಿದ್ದೀರಿ. ಆದರೆ ನಿಮ್ಮ ಮುಂದಿರುವುದನ್ನು ಪೂರ್ತಿ ಕೆಲಸ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ಇದು ಸಾಲ ವಸೂಲಿಯ ಏರ್ಪಾಡು. ಅದಕ್ಕೆ ಕೆಲಸದ ಹೆಸರು ಇಟ್ಟಿದ್ದಾರೆ, ಅಷ್ಟೆ.

ಸಾಹುಕಾರರ ದೃಷ್ಟಿಯಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನಿಮ್ಮ ಭಾಗದಲ್ಲಿ ಗೊಬ್ಬರ ಉದ್ರಿ ಕೊಟ್ಟವರು ಸುಗ್ಗಿಯಲ್ಲಿ ಭತ್ತ ತಮ್ಮ ಅಂಗಡಿಗೇ ಬರುತ್ತದೆಂಬ ಧೈರ್ಯದ ಮೇಲೆ ಕೊಡುತ್ತಾರೆ. ಬಾಕಿಗೆ ಬೆಳೆಯೇ ಭದ್ರತೆ. ಆದರೆ ಕಾಲುವೆಯ ಕೊನೆಯ ಭಾಗದ ಬೆಳೆಯನ್ನು ನಂಬಿ ಕೂರುವ ವ್ಯಾಪಾರಿ ಈಗ ಕಡಿಮೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಸರಪಳಿ ಕಡಿದು ಕೊಚ್ಚಿಹೋದ ಮೇಲೆ, ತುಂಬಿದ ಜಲಾಶಯವನ್ನು ಕಣ್ಣಾರೆ ಕಂಡವರಿಗೂ ಮುಂದಿನ ಬೆಳೆಯ ಖಾತ್ರಿ ಉಳಿದಿಲ್ಲ. ಹೀಗಿರುವಾಗ ರೈತನ ಭತ್ತಕ್ಕಿಂತ ರೈತನ ಮಗನ ಸಂಬಳ ಹೆಚ್ಚು ಭದ್ರವೆಂದು ಸಾಹುಕಾರರು ಲೆಕ್ಕ ಹಾಕಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಮಳೆ ಬರಲಿ ಬಿಡಲಿ, ತಿಂಗಳು ತಿಂಗಳು ಆರು ಸಾವಿರ ಗಲ್ಲಾದಿಂದ ಹೊರಗೆ ಹೋಗುವುದೇ ಇಲ್ಲ.

ನೀವು ವಾಣಿಜ್ಯ ಓದಿದವರು. ಆದರೂ ಈ ಲೆಕ್ಕವನ್ನು ಪತ್ರದಲ್ಲಿ ಹಾಕಿಲ್ಲವಾದ್ದರಿಂದ ನಾನೇ ಹಾಕುತ್ತೇನೆ. ₹1,40,000ಕ್ಕೆ ನೂರಕ್ಕೆ ಎರಡರಂತೆ ಮೊದಲ ತಿಂಗಳ ಬಡ್ಡಿಯೇ ₹2,800. ನಿಮ್ಮ ಆರು ಸಾವಿರದಲ್ಲಿ ಅಸಲಿಗೆ ಜಮೆಯಾಗುವುದು ₹3,200. ಉಳಿದ ಅಸಲಿನ ಮೇಲಷ್ಟೇ ಪ್ರತಿ ತಿಂಗಳೂ ಪ್ರಾಮಾಣಿಕವಾಗಿ ಬಡ್ಡಿ ಹಿಡಿದರೆ ಸಾಲ ತೀರಲು 32 ತಿಂಗಳು ಬೇಕು. ಅಷ್ಟರಲ್ಲಿ ನೀವು ಕಟ್ಟಿದ ಬಡ್ಡಿ ಸುಮಾರು ₹50,000 ಆಗಿರುತ್ತದೆ. ಅಂಗಡಿಯವರು ಮೂಲ ಮೊತ್ತದ ಮೇಲೇ ಕೊನೆಯವರೆಗೂ ಬಡ್ಡಿ ಹಿಡಿಯುವವರಾದರೆ 44 ತಿಂಗಳು. ಈ ಎರಡರಲ್ಲಿ ಅವರ ಪದ್ಧತಿ ಯಾವುದೆಂದು ನಿಮಗೆ ಗೊತ್ತೇ? ಗೊತ್ತಿದ್ದಂತೆ ಪತ್ರದಲ್ಲಿ ಕಾಣುವುದಿಲ್ಲ. ಇನ್ನೊಂದು ಮಾತು: ಬರುವ ಮುಂಗಾರಿಗೆ ನಿಮ್ಮ ತಂದೆಯವರು ಮತ್ತೆ ಅದೇ ಅಂಗಡಿಯಿಂದ ಗೊಬ್ಬರ ಉದ್ರಿ ತಂದರೆ, ಆ ಬಾಕಿಯೂ ಇದೇ ಖಾತೆಗೆ ಸೇರುತ್ತದೆ. ಆಗ ತಿಂಗಳುಗಳನ್ನು ಎಣಿಸುವುದರಲ್ಲಿ ಅರ್ಥವಿಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. ಸಂಬಳದಲ್ಲಿ ಮಾಲೀಕರು ಏನೇನು ಮುರಿದುಕೊಳ್ಳಬಹುದು ಎಂಬುದಕ್ಕೆ ಕಾನೂನಿನಲ್ಲಿ ಪಟ್ಟಿಯಿದೆ. ನೌಕರನ ತಂದೆ ಮಾಲೀಕನಿಗೆ ಕೊಡಬೇಕಾದ ಗೊಬ್ಬರದ ಬಾಕಿ ಆ ಪಟ್ಟಿಯಲ್ಲಿ ಇಲ್ಲ. ಲೇವಾದೇವಿಗೆ ಪರವಾನಗಿ ಪಡೆದವರೂ ನಮ್ಮ ರಾಜ್ಯದಲ್ಲಿ ಭದ್ರತೆಯಿಲ್ಲದ ಸಾಲಕ್ಕೆ ವರ್ಷಕ್ಕೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಕೇಳುವಂತಿಲ್ಲ. ನೂರಕ್ಕೆ ಎರಡು ಎಂದರೆ ವರ್ಷಕ್ಕೆ ಶೇ 24 ಆಯಿತು. ಇನ್ನು ‘ಸಾಲ ತೀರುವ ತನಕ ಬಿಡುವಂತಿಲ್ಲ’ ಎಂಬ ಷರತ್ತಿನ ವಿಷಯ. ಸಾಲದ ಕಾರಣಕ್ಕೆ ಸಾಲಗಾರನೋ ಅವನ ಮನೆಯವರೋ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯವನ್ನು ಬಿಟ್ಟುಕೊಡುವ ಒಪ್ಪಂದಗಳನ್ನು ತಡೆಯಲೆಂದೇ 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದಿತು. ಫ್ಯಾನಿನ ಕೆಳಗೆ ಕಂಪ್ಯೂಟರ್ ಮುಂದೆ ಕೂರುವ ಹುಡುಗನಿಗೆ ಆ ಕಾಯ್ದೆ ಸಂಬಂಧಿಸಿದ್ದಲ್ಲ ಎಂದು ನೀವು ತಿಳಿಯಬಾರದು. ಹಾಗೆಂದು ಸಾಹುಕಾರರ ಮೇಲೆ ದೂರು ಕೊಡಿ ಎಂದು ನಾನು ಹೇಳುತ್ತಿಲ್ಲ. ಒಪ್ಪಿಕೊಂಡ ಮೇಲೆ ಬಿಡಿಸಿಕೊಳ್ಳುವುದಕ್ಕಿಂತ ಒಪ್ಪಿಕೊಳ್ಳುವ ಮೊದಲೇ ಬೇಡವೆನ್ನುವುದು ಸುಲಭ, ಅದಕ್ಕಾಗಿ ಇದನ್ನು ತಿಳಿಸುತ್ತಿದ್ದೇನೆ.

ನಿಜ ಹೇಳಬೇಕೆಂದರೆ ನನಗೆ ಸಾಹುಕಾರರ ಮೇಲೆ ಅಷ್ಟೇನೂ ಸಿಟ್ಟಿಲ್ಲ. ವ್ಯಾಪಾರಿ ತನ್ನ ಹಣ ವಾಪಸು ಬರುವ ದಾರಿ ಹುಡುಕುತ್ತಾನೆ. ಅವರು ಕೊಟ್ಟ ಗೊಬ್ಬರ ನಿಮ್ಮ ಹೊಲಕ್ಕೆ ಬಿದ್ದಿದ್ದು ಸುಳ್ಳಲ್ಲ, ಆ ಬಾಕಿಯನ್ನು ನಿಮ್ಮ ಮನೆಯವರು ತೀರಿಸಲೇಬೇಕು. ನನ್ನ ಸಿಟ್ಟೆಲ್ಲ ನಿಮ್ಮ ಮಾವನವರ ಮೇಲೆ. ತಂದೆಯವರು ಆ ಅಂಗಡಿಯಲ್ಲಿ ಖಾತೆ ತೆರೆಯುವಾಗ ಜಾಮೀನು ನಿಂತವರು ಮಾವನವರೇ ಎಂದು ಎರಡನೆಯ ಪುಟದಲ್ಲಿ ಅವರನ್ನು ಹೊಗಳುವ ಭರದಲ್ಲಿ ನೀವೇ ಬರೆದಿದ್ದೀರಿ. ಹಾಗಾದರೆ ಬಾಕಿ ಉಳಿದಷ್ಟು ದಿನ ಸಾಹುಕಾರರು ಯಾರ ಮನೆಯ ಬಾಗಿಲು ತಟ್ಟುತ್ತಾರೆ? ಅಕ್ಕನ ಮಗನಿಗೆ ಕೆಲಸ ಕೊಡಿಸಿದ ಉಪಕಾರಿ ಎನಿಸಿಕೊಂಡೇ ತಮ್ಮ ತಲೆಯ ಮೇಲಿನ ಜಾಮೀನನ್ನು ನಿಮ್ಮ ಹೆಗಲಿಗೆ ದಾಟಿಸುತ್ತಿದ್ದಾರೆ. ಇದು ದುರುದ್ದೇಶವೆಂದು ನಾನು ಹೇಳಲಾರೆ, ಅವರಿಗೂ ಅವರದೇ ಭಯವಿರಬಹುದು. ಆದರೆ ಬಸ್ ಸ್ಟ್ಯಾಂಡಿನ ಪದವೀಧರರ ಮೇಲೆ ಭಾಷಣ ಮಾಡುವ ಮೊದಲು ಅವರು ಜಾಮೀನಿನ ವಿಷಯವನ್ನು ನಿಮ್ಮೆದುರು ಒಮ್ಮೆ ಎತ್ತಬಹುದಿತ್ತು. ನೆಂಟಸ್ತಿಕೆಯಲ್ಲಿ ಸಿಕ್ಕ ಕೆಲಸಕ್ಕೆ ಬೇರೆ ಕೆಲಸಕ್ಕಿಂತ ಎರಡು ಕಾಗದ ಹೆಚ್ಚು ಬೇಕು ಎಂದು ಈ ಅಂಕಣದಲ್ಲಿ ನಾನು ಬರೆಯುತ್ತಲೇ ಬಂದಿದ್ದೇನೆ. ಕೆಲವು ಓದುಗರಿಗೆ ಇದು ಒರಟುತನವೆನಿಸಿದೆ. ಇರಲಿ.

ಪದವಿಯ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಹೆಚ್ಚು ಚರ್ಚೆಗೆ ಜಾಗವಿಲ್ಲ. ಮೂರು ವರ್ಷದ ಓದಿನಲ್ಲಿ ಎರಡೂವರೆ ವರ್ಷ ಮುಗಿಸಿದವರು ಉಳಿದ ಒಂದು ಸೆಮಿಸ್ಟರನ್ನು ‘ಮುಂದೆ ಎಂದಾದರೂ’ ಎಂದು ಬಿಡಬಾರದು. ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೂತವರಿಗೆ ಕಾಲೇಜಿನ ಶೇ 75ರ ಹಾಜರಾತಿ ಸಿಗುವುದಿಲ್ಲ, ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಗೆ ರಜೆ ಕೊಡುತ್ತೇವೆಂದು ಸಾಹುಕಾರರು ಬಾಯಿಮಾತಿನಲ್ಲಿ ಹೇಳಿದ್ದಾರೆಂದು ಬರೆದಿದ್ದೀರಿ. ಅಂಗಡಿಯ ಮುಂದೆ ಭತ್ತದ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದ ದಿನ ಲೆಕ್ಕ ಬರೆಯುವವನಿಗೆ ರಜೆ ಕೊಟ್ಟ ದಲಾಲಿ ಅಂಗಡಿಯನ್ನು ನಾನು ಕಂಡಿಲ್ಲ.

ನಿಮ್ಮ ಜಿಲ್ಲೆಯವರಿಗೆ ಪದವಿಯ ಬೆಲೆ ಬೇರೆಯವರಿಗಿಂತ ಒಂದು ತೂಕ ಹೆಚ್ಚು ಎಂಬುದನ್ನು ನಿಮ್ಮ ಮಾವನವರು ಮರೆತಿದ್ದಾರೆ, ಬಹುಶಃ ಕಾಲೇಜಿನವರೂ ಒತ್ತಿ ಹೇಳಿಲ್ಲ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದೊಳಗಿನ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಗ್ರೂಪ್ ‘ಸಿ’ಯಲ್ಲಿ ಶೇ 80, ಗ್ರೂಪ್ ‘ಬಿ’ಯಲ್ಲಿ ಶೇ 75ರ ಮೀಸಲಾತಿಯಿದೆ, ರಾಜ್ಯದ ಉಳಿದ ಭಾಗದ ಹುದ್ದೆಗಳಲ್ಲಿಯೂ ಶೇ 8ರಷ್ಟಿದೆ. ಆದರೆ ಪ್ರಥಮ ದರ್ಜೆ ಸಹಾಯಕ ಹುದ್ದೆಗೂ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹುದ್ದೆಗೂ, ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೂ ಪದವಿ ಇರಲೇಬೇಕು. ಸಿಕ್ಕೇ ಸಿಗುತ್ತದೆಂದು ನಾನು ಆಸೆ ಹುಟ್ಟಿಸುವುದಿಲ್ಲ. ಅಧಿಸೂಚನೆಗಾಗಿ ವರ್ಷಗಟ್ಟಲೆ ಕಾದವರ ಪತ್ರಗಳೂ ನನಗೆ ಬರುತ್ತವೆ. ಆದರೆ ಪದವಿ ಇಲ್ಲದಿದ್ದರೆ ಅರ್ಜಿ ಹಾಕುವ ಸಾಲಿನಲ್ಲೂ ನಿಲ್ಲಲಾಗದು. ಲಿಂಗಸುಗೂರಿನ ಉಪವಿಭಾಗಾಧಿಕಾರಿ ಕಚೇರಿಯಿಂದ 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಈವರೆಗೆ ಮಾಡಿಸಿರದಿದ್ದರೆ ಓದು ಮುಗಿಯುವುದರೊಳಗೆ ಮಾಡಿಸಿಟ್ಟುಕೊಳ್ಳಿ. ಪದವಿ ಪಡೆದು 180 ದಿನಗಳಾದರೂ ಕೆಲಸ ಸಿಗದವರಿಗೆ ಯುವನಿಧಿಯಿಂದ ತಿಂಗಳಿಗೆ ₹3,000ದಂತೆ ಹೆಚ್ಚೆಂದರೆ ಎರಡು ವರ್ಷ ಸಿಗುತ್ತದೆ. ಅದಕ್ಕೂ ಪದವಿಯೇ ಬೇಕು.

ತಂದೆಯವರ ಬಾಕಿಯನ್ನು ಹಾಗೇ ಬಿಡಲು ನಾನು ಹೇಳುತ್ತಿಲ್ಲ. ಅವರ ‘ನಿನಗೆ ತಿಳಿದ ಹಾಗೆ ಮಾಡು’ ಎಂಬ ಮಾತಿನಲ್ಲಿ ಅಸಹಾಯಕತೆ ಎಷ್ಟಿದೆ, ಜಾರಿಕೊಳ್ಳುವುದು ಎಷ್ಟಿದೆ ಎಂದು ನಾನು ದೂರದಿಂದ ಹೇಳಲಾರೆ. ಆದರೆ ಮುಂದಿನ ಹಂಗಾಮಿನ ಗೊಬ್ಬರವನ್ನು ಶೇ 24ರ ಬಡ್ಡಿಗೆ ತರುವ ಅಗತ್ಯ ಅವರಿಗಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕ ಕೊಡುವ ಬಡ್ಡಿರಹಿತ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023–24ರ ಬಜೆಟ್ಟಿನಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದೆ. ಸೊಸೈಟಿಯಲ್ಲಿ ಹಳೆಯ ಸುಸ್ತಿ ಇದ್ದರೆ ಕಷ್ಟವಾಗಬಹುದು, ಎಲ್ಲರಿಗೂ ಗರಿಷ್ಠ ಮೊತ್ತ ಸಿಗುವುದೂ ಇಲ್ಲ. ಆದರೂ ನಾಲ್ಕು ಎಕರೆಯ ಪಹಣಿ ಹಿಡಿದು ಒಮ್ಮೆಯಾದರೂ ಕಾರ್ಯದರ್ಶಿಯ ಮುಂದೆ ಕೂತು ಕೇಳಬೇಕು. ಹೊಸ ಉದ್ರಿ ನಿಂತರೆ ಹಳೆಯ ಬಾಕಿ ಎಷ್ಟೇ ನಿಧಾನವಾಗಿಯಾದರೂ ಇಳಿಯುತ್ತದೆ.

ಈಗ ಮಾಡಬೇಕಾದ ಕೆಲಸ ಒಂದೇ. ತಂದೆಯವರನ್ನು ಕರೆದುಕೊಂಡು ಅಂಗಡಿಗೆ ಹೋಗಿ, ಮಾವನವರನ್ನು ಜೊತೆಗೆ ಕರೆಯಬೇಡಿ. ಯಾವ ತಾರೀಖು ಏನು ತಂದದ್ದು, ಅದರ ದರ ಎಷ್ಟು, ಯಾವ ಸುಗ್ಗಿಯಲ್ಲಿ ಎಷ್ಟು ಜಮೆಯಾಗಿದೆ, ಬಡ್ಡಿ ಯಾವ ಮೊತ್ತದ ಮೇಲೆ ಹಿಡಿದಿದ್ದಾರೆ ಎಂಬ ಪೂರ್ತಿ ಖಾತೆಯನ್ನು ಸಾಹುಕಾರರ ಸಹಿಯೊಂದಿಗೆ ಬರೆಸಿಕೊಂಡು ಬನ್ನಿ. ಜಗಳ ಬೇಡ, ದನಿ ಏರಿಸುವುದೂ ಬೇಡ. ‘ನಾನು ಲೆಕ್ಕ ಓದುತ್ತಿರುವವನು, ಮನೆಯ ಲೆಕ್ಕ ತಿಳಿದುಕೊಳ್ಳಬೇಕು ಸಾಹುಕಾರ್ರೇ’ ಎಂದರೆ ಸಾಕು. ಆ ಕಾಗದ ಕೈಗೆ ಬರುವವರೆಗೆ ಕೆಲಸಕ್ಕೆ ಹೂಂ ಎನ್ನಬೇಡಿ. ಬಂದ ಮೇಲೂ ಆರನೆಯ ಸೆಮಿಸ್ಟರ್ ಪರೀಕ್ಷೆ ಮುಗಿಯುವವರೆಗೆ ಸೇರಬೇಡಿ. ಪರೀಕ್ಷೆಯ ನಂತರವೂ ಅವರಿಗೆ ಲೆಕ್ಕ ಬರೆಯುವ ಹುಡುಗ ಬೇಕಿದ್ದರೆ, ನೇಮಕದ ಪತ್ರ ಬೇರೆ, ಬಾಕಿ ತೀರಿಸುವ ಕಂತಿನ ಪತ್ರ ಬೇರೆ ಎಂದು ಕೇಳಿ. ಪೂರ್ತಿ ₹15,000 ನಿಮ್ಮ ಬ್ಯಾಂಕ್ ಖಾತೆಗೆ ಬರಲಿ, ಕಂತನ್ನು ಅಲ್ಲಿಂದ ನಿಮ್ಮ ತಂದೆಯವರ ಹೆಸರಿನಲ್ಲಿ ನೀವೇ ಕಟ್ಟಿ, ಪ್ರತಿ ಕಂತಿಗೂ ರಸೀದಿ ಪಡೆಯಿರಿ.

ಖಾತೆ ಬರೆದುಕೊಡಲು ಸಾಹುಕಾರರು ಒಪ್ಪದಿದ್ದರೆ ನನಗೆ ಮತ್ತೊಮ್ಮೆ ಬರೆಯಿರಿ. ಈ ಸಲ ಆ ವಿಷಯವನ್ನು ಮೊದಲ ಪುಟದಲ್ಲೇ ಬರೆಯಿರಿ.