ಎರಡು ಡೋಸ್ ಹಾಕಿಸಿಕೊಂಡರೂ ಮತ್ತೆ ಕೋವಿಡ್ ಬಂತಲ್ಲ?

ಪ್ರಶ್ನೆ: 2021ರ ಮೇ ತಿಂಗಳಲ್ಲಿ ಕೋವಿಡ್ ಬಂದು ಆಸ್ಪತ್ರೆ ಸೇರಿದ್ದೆ. ಆಮೇಲೆ ಕೋವಿಶೀಲ್ಡ್ ಎರಡು ಡೋಸ್ ಹಾಕಿಸಿಕೊಂಡೆ. ಆದರೂ 2022ರ ಜನವರಿಯಲ್ಲಿ ಮತ್ತೆ ಬಂತು, ಈ ಸಲ ಎರಡು ದಿನ ಜ್ವರ, ಗಂಟಲು ನೋವು ಅಷ್ಟೇ. ಹಾಗಾದರೆ ಲಸಿಕೆ ದಂಡವೇ? ಈಗ ಆಂಟಿಬಾಡಿ ಟೆಸ್ಟ್ ಮಾಡಿಸಲೇ? ಅಮ್ಮನಿಗೆ 74 ವರ್ಷ, ಶುಗರ್ ಇದೆ.
– ಓದುಗರೊಬ್ಬರು, ತುಮಕೂರು

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆಯಲ್ಲ ಸ್ವಾಮಿ! ಮೊದಲ ಸಲ ಆಸ್ಪತ್ರೆ, ಎರಡನೇ ಸಲ ಎರಡು ದಿನ ಜ್ವರ. 2022ರ ಜನವರಿಯಲ್ಲಿ ಹರಡುತ್ತಿದ್ದ ಒಮಿಕ್ರಾನ್ ರೂಪಾಂತರಿ 2021ರ ಮೇ ತಿಂಗಳ ಡೆಲ್ಟಾಗಿಂತ ಸ್ವಲ್ಪ ಸೌಮ್ಯ ಅನ್ನೋದೂ ನಿಜ, ಆದರೆ ಲಸಿಕೆಯ ಪಾಲು ಸಣ್ಣದಲ್ಲ.

ಒಮಿಕ್ರಾನ್ ದೇಶದಲ್ಲಿ ಮೊದಲು ಪತ್ತೆಯಾಗಿದ್ದು ಬೆಂಗಳೂರಿನಲ್ಲೇ, 2021ರ ಡಿಸೆಂಬರ್‌ನಲ್ಲಿ. ಮೊದಲ ಇಬ್ಬರಲ್ಲಿ ಒಬ್ಬರು ಎರಡೂ ಡೋಸ್ ಆಗಿದ್ದ ಡಾಕ್ಟರು. ಒಮಿಕ್ರಾನ್‌ನ ಸ್ಪೈಕ್ ಪ್ರೋಟೀನಿನಲ್ಲಿ, ಅಂದರೆ ವೈರಸ್ಸಿನ ಮೈಮೇಲಿನ ಮುಳ್ಳುಗಳಲ್ಲಿ, 30ಕ್ಕೂ ಹೆಚ್ಚು ಬದಲಾವಣೆ ಆಗಿತ್ತು. ನೀವು ಹಾಕಿಸಿಕೊಂಡ ಲಸಿಕೆ ಕಲಿಸಿದ್ದು ವುಹಾನ್‌ನ ಹಳೇ ಸ್ಪೈಕನ್ನು. ವೈರಸ್ಸನ್ನು ತಡೆಯಲು ದೇಹ ತಯಾರಿಸುವ ಆಂಟಿಬಾಡಿಗಳು ಕಚ್ಚಿಕೊಳ್ಳುವ ಜಾಗವೇ ಬದಲಾದರೆ ಅವೇನು ಮಾಡಿಯಾವು? ಸಾಲದ್ದಕ್ಕೆ ತಿಂಗಳು ಕಳೆದಂತೆ ಅವು ಕಡಿಮೆಯೂ ಆಗುತ್ತವೆ. ಹಾಗಾಗಿ ಸೋಂಕು ಒಳಗೆ ಬಂತು.

ಆದರೆ ಲಸಿಕೆ ತಯಾರು ಮಾಡುವ ಇನ್ನೊಂದು ರಕ್ಷಣಾ ಪಡೆ, ಅಂದರೆ ಟಿ ಕೋಶಗಳ ಲೆಕ್ಕ ಬೇರೆ. ಅವು ವೈರಸ್ಸಿನ ಪ್ರೋಟೀನನ್ನು ಚೂರು ಚೂರಾಗಿ ಗುರುತಿಸಿ, ಸೋಂಕು ತಗುಲಿದ ಜೀವಕೋಶಗಳನ್ನೇ ಕೊಲ್ಲುತ್ತವೆ, ಆ ಚೂರುಗಳಲ್ಲಿ ಬಹಳಷ್ಟು ಒಮಿಕ್ರಾನ್‌ನಲ್ಲೂ ಹಾಗೇ ಉಳಿದಿದ್ದವು. ಸೋಂಕು ಶ್ವಾಸಕೋಶದವರೆಗೆ ಹೋಗಿ ಉಸಿರು ಕಟ್ಟಿಸದಂತೆ ನೋಡಿಕೊಳ್ಳೋದರಲ್ಲಿ ಇವುಗಳ ಪಾಲು ದೊಡ್ಡದು.

ಎಲ್ಲಾ ವೈರಸ್ಸೂ ಹೀಗೆ ವೇಷ ಬದಲಿಸೋದಿಲ್ಲ. 1954ರಲ್ಲಿ ಅಮೆರಿಕದ ಒಬ್ಬ ಹುಡುಗನಿಂದ ತೆಗೆದ ವೈರಸ್ಸಿನ ಸಂತತಿಯಿಂದಲೇ ಇಂದಿಗೂ ದಡಾರದ ಲಸಿಕೆ ಮಾಡುತ್ತಾರೆ, ಅದು ಇನ್ನೂ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.

ಆಂಟಿಬಾಡಿ ಟೆಸ್ಟಿಗೆ ಸುಮ್ನೆ ದುಡ್ಡು ಹಾಕಬೇಡಿ. ಟಿ ಕೋಶಗಳ ಬಗ್ಗೆ ಅದು ಏನೂ ಹೇಳೋದಿಲ್ಲ, ನಂಬರ್ ಜಾಸ್ತಿ ಬಂದರೂ ಹೊಸ ರೂಪಾಂತರಿಗೆ ಸಾಕಾಗುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಅಮ್ಮನ ವಿಷಯ ಬೇರೆ. ಆ ವಯಸ್ಸು, ಜೊತೆಗೆ ಶುಗರ್ ಅಂದಮೇಲೆ ಇನ್ನೊಂದು ಡೋಸ್ ಬೇಕಾ ಎಂದು ಅವರನ್ನು ನೋಡುವ ಡಾಕ್ಟರನ್ನೇ ಕೇಳಿ. ಫ್ಲೂ ಲಸಿಕೆಯನ್ನೂ ಆಗಲೇ ವಿಚಾರಿಸಿ. ಅದನ್ನು ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಬೇಕು, ಫ್ಲೂ ವೈರಸ್ ಅಷ್ಟು ಬೇಗ ಬದಲಾಗುತ್ತೆ.