ಪ್ರತಿಕ್ರಿಯೆ: ಕಾಪ್ ದಂಗೆ 1920ರವರೆಗೆ ತಡವಾದದ್ದೇಕೆ?
1918ರ ನವೆಂಬರ್‌ನಲ್ಲೇ ಮೊದಲ ಮಹಾಯುದ್ಧ ಸೋತ ಜರ್ಮನಿಯಲ್ಲಿ, ಸರ್ಕಾರವನ್ನು ಉರುಳಿಸಲು ಬಲಪಂಥೀಯ ನಾಯಕ ವೋಲ್ಫ್‌ಗಾಂಗ್ ಕಾಪ್ ಮತ್ತು ಕೆಲವು ಸೇನಾಧಿಕಾರಿಗಳು ನಡೆಸಿದ ಕಾಪ್ ದಂಗೆ 1920ರ ಮಾರ್ಚ್‌ನಲ್ಲಿ ಏಕಾಯಿತು ಎಂಬ ನಿಮ್ಮ ಗೊಂದಲಕ್ಕೆ, ಸೋಲನ್ನೇ ನೇರ ಕಾರಣವೆಂದು ಹಿಡಿದಿರುವುದು ಬಹುಶಃ ಮೂಲ. ಸೆಮಿನಾರ್ ಟಿಪ್ಪಣಿಯನ್ನು ಮೊದಲು ಯುದ್ಧಾನಂತರದ ವರ್ಸೇಲ್ಸ್ ಶಾಂತಿ ಒಪ್ಪಂದದಿಂದ ಆರಂಭಿಸಿ. ಸೈನ್ಯವನ್ನು ಒಂದು ಲಕ್ಷಕ್ಕೆ ಇಳಿಸಬೇಕೆಂಬ ಅದರ ಷರತ್ತಿನಂತೆ ರಕ್ಷಣಾ ಸಚಿವ ನೋಸ್ಕೆ ಫೆಬ್ರವರಿ ಕೊನೆಯಲ್ಲಿ ಎರ್ಹಾರ್ಟ್ ದಳದ (ಮಾಜಿ ನೌಕಾ ಸೈನಿಕರ ಸ್ವಯಂಸೇವಕ ಸೇನಾದಳ) ವಿಸರ್ಜನೆಗೆ ಆದೇಶಿಸಿದ್ದೇ ಕಿಡಿಯಾಯಿತು. ಬಳಿಕ ಬರ್ಲಿನ್ ವಲಯದ ಸೇನಾ ಮುಖ್ಯಸ್ಥ ಜನರಲ್ ಲ್ಯುಟ್ವಿಟ್ಸ್ ಆ ಆದೇಶವನ್ನು ಧಿಕ್ಕರಿಸಿದ್ದು, ಮಾರ್ಚ್ 13ರ ಬೆಳಗ್ಗೆ ದಳವು ಬರ್ಲಿನ್ ಹೊಕ್ಕದ್ದು, ಸರ್ಕಾರ ಡ್ರೆಸ್ಡೆನ್‌ಗೂ ಅಲ್ಲಿಂದ ಸ್ಟುಟ್‌ಗಾರ್ಟ್‌ಗೂ ಸರಿದದ್ದು ಸಂಕ್ಷಿಪ್ತವಾಗಿ ಬರಲಿ. ಹೆಚ್ಚಿನ ಜಾಗವನ್ನು ಸಾರ್ವತ್ರಿಕ ಮುಷ್ಕರಕ್ಕೆ ಕೊಡಿ, ದಂಗೆಯ ಬೆನ್ನು ಮುರಿದದ್ದು ಅದೇ: ಬರ್ಲಿನ್‌ನಲ್ಲಿ ವಿದ್ಯುತ್ತೂ ಟ್ರಾಮುಗಳೂ ನಿಂತವು, ಹಿರಿಯ ಅಧಿಕಾರಿಗಳು ಕಾಪ್‌ನ ಆಜ್ಞೆ ಪಾಲಿಸಲಿಲ್ಲ, 17ರಂದು ಅವನು ಅಧಿಕಾರ ಬಿಟ್ಟ.